ದ್ರಾಕ್ಷಿ ಬೆಳೆಗಾರ ಮಾರುವಾಗ ತೆರಿಗೆ ಸೊನ್ನೆ, ಕೊಳ್ಳುವಾಗ ಶೇ 18: ಬಿಲ್ಲಿನ ಲೆಕ್ಕ ನಾವೇ ಹಾಕೋಣ

ಅಕ್ಟೋಬರ್ ಚಾಟ್ನಿ ಮುಗಿದು, ದ್ರಾಕ್ಷಿ ಪಡಕ್ಕೆ ಔಷಧ ಹೊಡೆಯುವ ದಿನಗಳು. ಟಿಕೋಟಾದಿಂದ ವಿಜಯಪುರಕ್ಕೆ ಸಂತಿಗೆ ಬಂದಿದ್ದ ನಮ್ಮ ಕಾಕಾ, ಊರಿಗೆ ಮರಳುವ ಮೊದಲು ಮನೆಗೆ ಬಂದರು. ಕೈಚೀಲದಿಂದ ಮೂರು ಬಾಟ್ಲಿ, ಒಂದು ಚೀಟಿ ತೆಗೆದು ಟೇಬಲ್ ಮೇಲೆ ಇಟ್ಟರು.

‘ತಮ್ಮಾ, ಇದರಾಗ ಟ್ಯಾಕ್ಸ್ ಅಂತ ಹಚ್ಯಾನ ನೋಡು. ಬರೋಬರಿ ಐತೇನು?’

ಚೀಟಿಯಲ್ಲಿ ಅಂಗಡಿಯ ಹೆಸರಿಲ್ಲ, ನಂಬರ್ ಇಲ್ಲ. ಮೇಲೆ ‘ಎಸ್ಟಿಮೇಟ್’ ಅಂತ ಅಚ್ಚಾಗಿದೆ. ಕೆಳಗೆ ಪೆನ್ನಿನಲ್ಲಿ ಬರೆದ ನಾಲ್ಕು ಸಾಲು: ಒಂದು ಬಾಟ್ಲಿಗೆ ₹1,180ರಂತೆ ಮೂರಕ್ಕೆ ₹3,540. ಜಿಎಸ್‌ಟಿ ಶೇ 18 ಅಂದರೆ ₹637. ಒಟ್ಟು ₹4,177. ಬಾಟ್ಲಿ ತಿರುಗಿಸಿ ನೋಡಿದೆ. ಅದರ ಮೇಲಿನ ಎಂಆರ್‌ಪಿಯೂ ₹1,180. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ‘ಎಲ್ಲ ತೆರಿಗೆ ಸೇರಿ’ ಅಂತ ಬರೆದಿದೆ.

‘ಕಾಕಾ, ಎರಡು ಸಲ ಟ್ಯಾಕ್ಸ್ ಕೊಟ್ಟೀರಿ’ ಅಂದೆ.

ಕಾಕಾ ಲೆಕ್ಕದಲ್ಲಿ ದಡ್ಡರಲ್ಲ. ಎಕರೆಗೆ ಎಷ್ಟು ಟನ್ ಹಸಿ ದ್ರಾಕ್ಷಿ, ಅದು ಒಣಗಿದರೆ ಎಷ್ಟು ಮಣೂಕ, ಬಾಕ್ಸಿಗೆ ಎಷ್ಟು, ಕೋಲ್ಡ್ ಸ್ಟೋರೇಜ್ ಬಾಡಿಗೆ ಎಷ್ಟು ಎಂಬುದೆಲ್ಲ ಬಾಯಿಪಾಠ. ಆದರೆ ಬಿಲ್ಲಿನಲ್ಲಿ ‘ಟ್ಯಾಕ್ಸ್’ ಎಂಬ ಪದ ಬಂದ ಕೂಡಲೇ, ಅದು ಸರ್ಕಾರದ ಲೆಕ್ಕ, ನಮಗೆ ತಿಳಿಯೋದಲ್ಲ ಎಂದು ಕೈಬಿಡುತ್ತಾರೆ. ಕಾಕಾ ಒಬ್ಬರೇ ಅಲ್ಲ, ನಮ್ಮಲ್ಲಿ ಬಹಳ ಜನ ಹೀಗೇ. ಹಾಗೆ ಕೈಬಿಟ್ಟ ಜಾಗದಲ್ಲೇ ₹637 ಹೋಗುತ್ತದೆ. ಅದು ಸರ್ಕಾರಕ್ಕೂ ಹೋಗೋದಿಲ್ಲ.

ಈ ಬರಹ ಎರಡು ವಿಷಯಕ್ಕಾಗಿ. ಒಂದು, ಬಿಲ್ಲಿನ ತೆರಿಗೆಯನ್ನು ಯಾರು ಬೇಕಾದರೂ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಬಹುದು ಎಂದು ತೋರಿಸಲು. ಇನ್ನೊಂದು, ‘ರೈತನಿಗೆ ತೆರಿಗೆ ಇಲ್ಲ’ ಎಂಬ ಮಾತು ನಮ್ಮ ದ್ರಾಕ್ಷಿ ನಾಡಿನಲ್ಲಿ ಎಷ್ಟು ನಿಜ ಎಂದು ನೋಡಲು.

ಎರಡು ಬೆಲೆ, ಒಂದು ಭಾಗಾಕಾರ

ನಮ್ಮ ಹಿರಿಯರು ಇವತ್ತಿಗೂ ‘ಸೇಲ್ಸ್ ಟ್ಯಾಕ್ಸ್’ ಅನ್ನುತ್ತಾರೆ. ಕರ್ನಾಟಕದ ಮಾರಾಟ ತೆರಿಗೆ ಕಾಯ್ದೆ 1957ರದು. 2005ರ ಏಪ್ರಿಲ್ 1ರಿಂದ ವ್ಯಾಟ್ ಬಂತು. 2017ರ ಜುಲೈ 1ರಿಂದ ಜಿಎಸ್‌ಟಿ. ಹೆಸರು ಮೂರಾದರೂ ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಒಂದೇ: ಅಂಗಡಿಯವನು ಹೇಳಿದ ಬೆಲೆ ತೆರಿಗೆ ಸೇರಿಸಿದ್ದೋ, ಸೇರಿಸದ್ದೋ?

ಸೇರಿಸದ ಬೆಲೆಯಾದರೆ ಲೆಕ್ಕ ಸರಳ. ₹1,000ದ ಸಾಮಾನಿಗೆ ಶೇ 18 ಅಂದರೆ ₹180. ಒಟ್ಟು ₹1,180.

ಸೇರಿಸಿದ ಬೆಲೆಯಾದರೆ ಲೆಕ್ಕ ಹಿಂದುಮುಂದು. ಇಲ್ಲೇ ಬಹಳ ಜನ ಎಡವೋದು. ₹1,180ರ ಒಳಗೆ ಎಷ್ಟು ತೆರಿಗೆ ಇದೆ ಅಂದರೆ, ₹1,180ಕ್ಕೆ ಶೇ 18 ಹಾಕಿ ₹212 ಅಂತಾರೆ. ಅದು ತಪ್ಪು. ₹1,180 ಎಂಬುದು 118 ಪಾಲು. ಅದರಲ್ಲಿ 100 ಪಾಲು ಸಾಮಾನಿನದು, 18 ಪಾಲು ತೆರಿಗೆಯದು. ಆದ್ದರಿಂದ 1,180 ಅನ್ನು 118ರಿಂದ ಭಾಗಿಸಿ 18ರಿಂದ ಗುಣಿಸಬೇಕು. ಬರೋದು ₹180. ಶೇ 5ರ ಸಾಮಾನಾದರೆ 105ರಿಂದ ಭಾಗಿಸಿ 5ರಿಂದ ಗುಣಿಸಿ. ₹210ರ ಪೊಟ್ಟಣದಲ್ಲಿ ತೆರಿಗೆ ₹10, ಸಾಮಾನು ₹200. ಅಷ್ಟ ನೋಡ್ರಿ ಇಡೀ ಸೂತ್ರ.

ಪೊಟ್ಟಣ, ಬಾಟ್ಲಿ, ಡಬ್ಬಿ ಮೇಲೆ ಅಚ್ಚಾಗಿರುವ ಎಂಆರ್‌ಪಿ ಯಾವತ್ತೂ ತೆರಿಗೆ ಸೇರಿದ ಬೆಲೆಯೇ. 2011ರ ಪೊಟ್ಟಣ ಸರಕುಗಳ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಕೊಡಬಹುದು, ಹೆಚ್ಚಿಗೆ ಕೇಳುವಂತಿಲ್ಲ. ಕಾಕಾನ ಮೂರು ಬಾಟ್ಲಿಯ ₹3,540ರಲ್ಲೇ ₹540 ತೆರಿಗೆ ಕೂತಿತ್ತು. ಮೇಲಿನ ₹637 ಅಂಗಡಿಯವನ ಜೇಬಿಗೆ.

ರಿಯಾಯಿತಿ ಕೊಟ್ಟರೆ? ಬಿಲ್ಲಿನಲ್ಲೇ ರಿಯಾಯಿತಿ ತೋರಿಸಿದ್ದರೆ, ಅದನ್ನು ಕಳೆದು ಉಳಿದ ಮೊತ್ತಕ್ಕೆ ಮಾತ್ರ ತೆರಿಗೆ. ಮೊದಲು ತೆರಿಗೆ ಹಚ್ಚಿ ಆಮೇಲೆ ರಿಯಾಯಿತಿ ಅಲ್ಲ.

ಯಾವುದಕ್ಕೆ ಎಷ್ಟು?

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ ದರಗಳನ್ನು ಬದಲಿಸಿತು. ಸೆಪ್ಟೆಂಬರ್ 22ರಿಂದ ಶೇ 12 ಮತ್ತು ಶೇ 28ರ ಹಂತಗಳಲ್ಲಿದ್ದ ಬಹುತೇಕ ಸಾಮಾನುಗಳು ಬೇರೆ ಹಂತಕ್ಕೆ ಹೋದವು. ಈಗ ಮುಖ್ಯವಾಗಿ ನೆನಪಿಡಬೇಕಾದದ್ದು ಸೊನ್ನೆ, ಶೇ 5, ಶೇ 18. ಐಷಾರಾಮಿ ಕಾರು, ತಂಪು ಪಾನೀಯದಂಥವಕ್ಕೆ ಶೇ 40. ಬಂಗಾರಕ್ಕೆ ಮೊದಲಿನಂತೆ ಶೇ 3.

ಮನೆ ಸಂತಿ ಲೆಕ್ಕ ಹೀಗೆ: ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಎಣ್ಣೆ ಶೇ 18ರಿಂದ ಶೇ 5ಕ್ಕೆ. ತುಪ್ಪ, ಬೆಣ್ಣೆ ಶೇ 12ರಿಂದ ಶೇ 5ಕ್ಕೆ. ಮಕ್ಕಳ ನೋಟ್‌ಬುಕ್, ಪೆನ್ಸಿಲ್ ಸೊನ್ನೆ. ಸಿಮೆಂಟ್ ಶೇ 28ರಿಂದ ಶೇ 18ಕ್ಕೆ. 350 ಸಿಸಿವರೆಗಿನ ಮೋಟರ್ ಸೈಕಲ್ಲೂ ಶೇ 28ರಿಂದ ಶೇ 18ಕ್ಕೆ.

ಹೊಲದ ಲೆಕ್ಕ: ಟ್ರ್ಯಾಕ್ಟರ್ ಶೇ 12ರಿಂದ ಶೇ 5ಕ್ಕೆ. ಹನಿ ನೀರಾವರಿ ಸಾಮಗ್ರಿ ಶೇ 12ರಿಂದ ಶೇ 5ಕ್ಕೆ. ದ್ರಾಕ್ಷಿ ಬೆಳೆಗಾರರು ‘ಜಿಎ’ ಅನ್ನುವ ಜಿಬ್ಬರೆಲಿಕ್ ಆಸಿಡ್, ಸೂಕ್ಷ್ಮ ಪೋಷಕಾಂಶಗಳು, ಪಟ್ಟಿಯಲ್ಲಿರುವ ಜೈವಿಕ ಕೀಟನಾಶಕಗಳು ಶೇ 12ರಿಂದ ಶೇ 5ಕ್ಕೆ. ರಸಗೊಬ್ಬರ ಮೊದಲೇ ಶೇ 5. ಆದರೆ ರಾಸಾಯನಿಕ ಕೀಟನಾಶಕ, ಶಿಲೀಂಧ್ರನಾಶಕಗಳು ಶೇ 18ರಲ್ಲೇ ಉಳಿದಿವೆ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತೆರಿಗೆ ಇಳಿದಾಗ ಬೆಲೆ ಎಷ್ಟು ಇಳಿಯಬೇಕು ಎಂಬುದರಲ್ಲೂ ಗೊಂದಲವಿದೆ. ಶೇ 28 ಹೋಗಿ ಶೇ 18 ಆದರೆ ಬೆಲೆ ಶೇ 10ರಷ್ಟು ಇಳಿಯುವುದಿಲ್ಲ. ₹1,28,000 ಇದ್ದದ್ದು ₹1,18,000 ಆಗುತ್ತದೆ. ಇಳಿಕೆ ₹10,000 ಹೌದು, ಆದರೆ ಹಳೇ ಬೆಲೆಯ ಲೆಕ್ಕದಲ್ಲಿ ಶೇ 7.8 ಮಾತ್ರ. ಟ್ರ್ಯಾಕ್ಟರಿನ ತೆರಿಗೆರಹಿತ ಬೆಲೆ ₹6 ಲಕ್ಷ ಎಂದು ಹಿಡಿಯೋಣ. ಮೊದಲು ₹6,72,000, ಈಗ ₹6,30,000. ಉಳಿತಾಯ ₹42,000. ಶೋರೂಮಿನಲ್ಲಿ ಕೂತಾಗ ಕೇಳಬೇಕಾದದ್ದು ‘ಆಫರ್ ಏನೈತಿ?’ ಎಂದಲ್ಲ. ‘ತೆರಿಗೆ ಇಲ್ಲದ ಬೆಲೆ ಎಷ್ಟು?’ ಎಂದು ಕೇಳಬೇಕು. ಆ ಒಂದು ಅಂಕಿ ಸಿಕ್ಕರೆ ಉಳಿದದ್ದು ನೀವೇ ಹಾಕಬಹುದು.

ಸಾಮಾನು ಒಂದೇ, ತೆರಿಗೆ ಬೇರೆ

ದರ ಸಾಮಾನಿಗೆ ಅಂಟಿಕೊಂಡಿರುತ್ತದೆ ಎಂದು ನಾವು ತಿಳಿಯುತ್ತೇವೆ. ಅರ್ಧ ಮಾತ್ರ ನಿಜ. ಹೇಗೆ ಮಾರುತ್ತಾರೆ, ಎಷ್ಟಕ್ಕೆ ಮಾರುತ್ತಾರೆ, ಯಾರು ಮಾರುತ್ತಾರೆ ಎಂಬುದರ ಮೇಲೂ ದರ ಬದಲಾಗುತ್ತದೆ.

ನಮ್ಮ ಬಿಳಿಜೋಳವನ್ನೇ ತೊಗೊಳ್ರಿ. ಚೀಲ ಬಿಚ್ಚಿ ತೂಗಿ ಕೊಟ್ಟರೆ ತೆರಿಗೆ ಇಲ್ಲ. ಅದೇ ಜೋಳ 5 ಕಿಲೋ ಪೊಟ್ಟಣವಾಗಿ, ಲೇಬಲ್ ಹಚ್ಚಿಕೊಂಡು ಬಂದರೆ ಶೇ 5. ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ, 25 ಕಿಲೋವರೆಗಿನ ಧಾನ್ಯ, ಹಿಟ್ಟು, ಬೇಳೆಗೆ 2022ರ ಜುಲೈ 18ರಿಂದ ಈ ನಿಯಮವಿದೆ.

ಅಂಗಿಯ ಲೆಕ್ಕ ಇನ್ನೂ ಮಜಾ ಇದೆ. ಒಂದು ಉಡುಪಿನ ಮಾರಾಟ ಬೆಲೆ ₹2,500ರವರೆಗೆ ಇದ್ದರೆ ಶೇ 5, ದಾಟಿದರೆ ಶೇ 18. ತೆರಿಗೆರಹಿತ ಬೆಲೆ ₹2,500 ಇರುವ ಅಂಗಿಗೆ ತೆರಿಗೆ ₹125, ಒಟ್ಟು ₹2,625. ಬೆಲೆ ₹2,600 ಆದರೆ ತೆರಿಗೆ ₹468, ಒಟ್ಟು ₹3,068. ನೂರು ರೂಪಾಯಿ ಏರಿದ್ದಕ್ಕೆ ಕೈಯಿಂದ ₹443 ಹೋಯಿತು. ₹2,800ರ ಅಂಗಿಗೆ ಬಿಲ್ಲಿನಲ್ಲೇ ಶೇ 15 ರಿಯಾಯಿತಿ ಕೊಟ್ಟರೆ ಬೆಲೆ ₹2,380. ಆಗ ಶೇ 5ರ ತೆರಿಗೆ ₹119, ಒಟ್ಟು ₹2,499. ದೀಪಾವಳಿ ಸಂತಿಯಲ್ಲಿ ಈ ಗೆರೆ ಎಲ್ಲಿದೆ ಎಂದು ಗೊತ್ತಿದ್ದರೆ ಚೌಕಾಶಿ ಮಾಡಲೂ ಸುಲಭ.

ವಿಜಯಪುರದ ಬಿಲ್ಲು, ಸೊಲ್ಲಾಪುರದ ಬಿಲ್ಲು

ವಿಜಯಪುರದ ಅಂಗಡಿಯಲ್ಲಿ ಕೊಂಡರೆ ತೆರಿಗೆ ಎರಡು ಸಾಲಿನಲ್ಲಿ ಬರುತ್ತದೆ: ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ. ಶೇ 18 ಅಂದರೆ 9 ಮತ್ತು 9. ಶೇ 5 ಅಂದರೆ ಎರಡೂವರೆ, ಎರಡೂವರೆ. ಒಂದು ಪಾಲು ಕೇಂದ್ರಕ್ಕೆ, ಒಂದು ರಾಜ್ಯಕ್ಕೆ. ಹೋಟೆಲಿನಲ್ಲಿ ₹420 ಊಟಕ್ಕೆ ₹10.50 ಎರಡು ಸಲ ಕಂಡರೆ ಗಾಬರಿ ಬೇಡ, ಒಟ್ಟು ಶೇ 5 ಅಷ್ಟೇ. ಆದರೆ ಒಂದೊಂದು ಸಾಲೂ ಶೇ 5 ಇದ್ದರೆ ಅದು ಶೇ 10 ಆಯಿತು, ಆಗ ಕೇಳಬೇಕು.

ನಾವು ಗಡಿ ಜಿಲ್ಲೆಯವರು. ಮದುವೆ ಜವಳಿಗೆ, ಚಾದರಕ್ಕೆ ಸೊಲ್ಲಾಪುರಕ್ಕೆ ಹೋಗೋದು ರೂಢಿ. ಅಲ್ಲಿ ಕೌಂಟರಿನಲ್ಲಿ ₹800ರ ಚಾದರ ಕೊಂಡರೆ ಸಾಮಾನ್ಯವಾಗಿ ₹20 ಸಿಜಿಎಸ್‌ಟಿ, ₹20 ಮಹಾರಾಷ್ಟ್ರದ ಎಸ್‌ಜಿಎಸ್‌ಟಿ. ಬಿಲ್ಲಿನಲ್ಲಿ ನಿಮ್ಮ ವಿಜಯಪುರದ ವಿಳಾಸ ಬರೆಸಿದರೆ ಎರಡು ಸಾಲಿನ ಬದಲು ₹40 ಐಜಿಎಸ್‌ಟಿ ಎಂದು ಒಂದೇ ಸಾಲು ಬರಬೇಕು. 2023ರ ಅಕ್ಟೋಬರ್ 1ರಿಂದ ಹೀಗೆ ನಿಯಮವಿದೆ. ಕೊಡುವ ಹಣ ಎರಡೂ ಕಡೆ ₹40. ವ್ಯತ್ಯಾಸ ಏನಂದರೆ, ರಾಜ್ಯದ ಪಾಲು ಯಾವ ರಾಜ್ಯಕ್ಕೆ ಸೇರುತ್ತದೆ ಎಂಬುದು. ಮಹಾರಾಷ್ಟ್ರದ ಮಾರಾಟಗಾರನಿಂದ ಆನ್‌ಲೈನಿನಲ್ಲಿ ಬಬಲೇಶ್ವರದ ಮನೆಗೆ ತರಿಸಿದರೂ ಐಜಿಎಸ್‌ಟಿಯೇ.

ಹಾಗಾಗಿ, ‘ಹೊರ ರಾಜ್ಯದ ಮಾಲು, ಐಜಿಎಸ್‌ಟಿ ಬ್ಯಾರೆ ಹಚ್ಚಬೇಕಾಗ್ತದ’ ಎಂದು ವಿಜಯಪುರದ ಅಂಗಡಿಯವನು ಇಲ್ಲಿಯ ಗಿರಾಕಿಗೆ ಹೇಳಿದರೆ ನಂಬಬೇಡಿ. ಮಾಲು ಎಲ್ಲಿಂದ ಬಂತೆಂಬುದು ಅವನ ಖರೀದಿ ಲೆಕ್ಕ. ಒಂದೇ ಬಿಲ್ಲಿನಲ್ಲಿ ಒಂದೇ ಸಾಮಾನಿಗೆ ಮೂರೂ ತೆರಿಗೆ ಇರುವುದಿಲ್ಲ.

ಎಲ್ಲ ಅಂಗಡಿಗೂ ತೆರಿಗೆ ಕೇಳುವ ಹಕ್ಕಿಲ್ಲ

ಇದು ಬಹಳ ಜನರಿಗೆ ಗೊತ್ತಿಲ್ಲದ ಮಾತು. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವ ಅಂಗಡಿಯ ವರ್ಷದ ವಹಿವಾಟು ₹40 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸೇವೆಗೆ ಈ ಮಿತಿ ₹20 ಲಕ್ಷ. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ.

ಇನ್ನೊಂದು ವರ್ಗ ಕಂಪೋಸಿಷನ್‌ನವರದು. ವಹಿವಾಟು ₹1.5 ಕೋಟಿವರೆಗಿನ ವ್ಯಾಪಾರಿ ಈ ಸರಳ ಪದ್ಧತಿ ಆಯ್ದುಕೊಂಡು, ವಹಿವಾಟಿನ ಶೇ 1ರಷ್ಟನ್ನು ತನ್ನ ಕೈಯಿಂದ ಕಟ್ಟಬಹುದು. ಹೋಟೆಲಾದರೆ ಶೇ 5. ಇವರಿಗೆ ಜಿಎಸ್‌ಟಿ ನಂಬರ್ ಇರುತ್ತದೆ, ಆದರೂ ಗಿರಾಕಿಯ ಬಿಲ್ಲಿನಲ್ಲಿ ತೆರಿಗೆಯ ಸಾಲು ಹಾಕುವಂತಿಲ್ಲ. ತಾವು ಕಂಪೋಸಿಷನ್‌ನವರು ಎಂದು ಅಂಗಡಿಯ ಬೋರ್ಡಿನ ಮೇಲೂ ಬಿಲ್ಲಿನ ಮೇಲೂ ಬರೆಯಬೇಕು.

ತಾಳೆ ನೋಡುವುದು ಹೇಗೆ? ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರಿಗೆ 15 ಅಂಕಿ-ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಮುಂದಿನ ಹತ್ತು ಮಾಲೀಕರ ಪ್ಯಾನ್. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಲಾಗಿನ್ ಇಲ್ಲದೆಯೇ ಈ ನಂಬರ್ ಹಾಕಿ ಹುಡುಕಿದರೆ, ಅಂಗಡಿಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಕಂಪೋಸಿಷನ್ನೋ ಅಲ್ಲವೋ ಎಂಬುದೆಲ್ಲ ಸಿಗುತ್ತದೆ.

ಅಂಗಡಿಯವರ ಕಷ್ಟವನ್ನೂ ಹೇಳಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಕ್ಯೂಆರ್ ಕೋಡ್ ತೆಗೆದು ‘ಕ್ಯಾಶ್ ಮಾತ್ರ’ ಎಂದು ಚೀಟಿ ಅಂಟಿಸಿದ ಅಂಗಡಿಗಳನ್ನು ನಾವೆಲ್ಲ ನೋಡಿದ್ದೇವೆ. ಹಾಲು, ಕಾಯಿಪಲ್ಯದಂಥ ತೆರಿಗೆ ಇಲ್ಲದ ಸಾಮಾನು ಮಾತ್ರ ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕಿಲ್ಲ. ಆದರೂ ಅಂಥವರಲ್ಲೂ ಹೆದರಿಕೆ ಹುಟ್ಟಿತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು ಸಮಾಧಾನ ಹೇಳಬೇಕಾಯಿತು. ಲೆಕ್ಕ ತಿಳಿಯದಿದ್ದರೆ ಕೊಳ್ಳುವವನಷ್ಟೇ ಅಲ್ಲ, ಮಾರುವವನೂ ಸಿಕ್ಕಿಬೀಳುತ್ತಾನೆ.

ಮಣೂಕದ ದಾರಿ

ಈಗ ನಮ್ಮ ನೆಲದ ಪ್ರಶ್ನೆಗೆ ಬರೋಣ. ಟಿಕೋಟಾ, ಬಬಲೇಶ್ವರ ಸುತ್ತಿನ ಊರುಗಳಲ್ಲಿ ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿ ಒಣಗಿಸುತ್ತಾರೆ. ಹಾಗೆ ತಯಾರಾದ ಮಣೂಕ ವಿಜಯಪುರ ಎಪಿಎಂಸಿಗೆ, ಇಲ್ಲವೇ ಗಡಿಯಾಚೆ ತಾಸಗಾಂವ, ಸಾಂಗ್ಲಿ ಪೇಟೆಗೆ ಹೋಗುತ್ತದೆ.

ಹಸಿ ದ್ರಾಕ್ಷಿಗೆ ಜಿಎಸ್‌ಟಿ ಇಲ್ಲ. ಒಣದ್ರಾಕ್ಷಿಗೆ ಶೇ 5. ಹಾಗಾದರೆ ತನ್ನ ಪಡದ ಹಣ್ಣನ್ನು ತಾನೇ ಒಣಗಿಸಿ ಮಾರುವ ರೈತ ತೆರಿಗೆ ಕಟ್ಟಬೇಕೇ, ನೋಂದಣಿ ಮಾಡಿಸಬೇಕೇ? ಈ ಗೊಂದಲಕ್ಕೆ 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೇ ಸಭೆ ಉತ್ತರ ಕೊಟ್ಟಿತು: ಕೃಷಿಕನೇ ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲ. ಕಾಳುಮೆಣಸಿಗೂ ಇದೇ ಮಾತು. 2025ರ ಫೆಬ್ರುವರಿಯಲ್ಲಿ ಸುತ್ತೋಲೆಯೂ ಬಂತು.

ಇಲ್ಲಿ ‘ಕೃಷಿಕ’ ಎಂಬ ಪದಕ್ಕೆ ಕಾಯ್ದೆಯಲ್ಲಿ ಅರ್ಥವಿದೆ. ಒಬ್ಬ ವ್ಯಕ್ತಿ ಅಥವಾ ಅವಿಭಕ್ತ ಹಿಂದೂ ಕುಟುಂಬ, ಸ್ವಂತ ದುಡಿಮೆಯಿಂದಲೋ ಮನೆಮಂದಿಯ ದುಡಿಮೆಯಿಂದಲೋ ಕೂಲಿಯಾಳುಗಳಿಂದಲೋ ಸಾಗುವಳಿ ಮಾಡಬೇಕು. ಆದ್ದರಿಂದ ಪಕ್ಕದ ಹೊಲದವನ ಹಣ್ಣು ಕೊಂಡು ಒಣಗಿಸಿ ಮಾರಿದರೆ, ಆ ಮಾಲಿನ ಮಟ್ಟಿಗೆ ರೈತ ವ್ಯಾಪಾರಿಯಾಗುತ್ತಾನೆ. ರೈತರೇ ಸೇರಿ ಕಟ್ಟಿದ ಉತ್ಪಾದಕ ಕಂಪನಿಯೂ ಈ ಅರ್ಥದಲ್ಲಿ ‘ಕೃಷಿಕ’ ಅಲ್ಲ, ಕಂಪನಿ. ‘ನಮ್ದೂ ರೈತರದ ಕಂಪನಿ’ ಅಂದರೆ ವಿನಾಯಿತಿ ಸಿಗುವುದಿಲ್ಲ. ರಾಜ್ಯದಿಂದ ಹೊರಗೆ ಮಾಲು ಕಳಿಸುವ ವ್ಯಾಪಾರಿಗೆ ₹40 ಲಕ್ಷದ ಮಿತಿಯೂ ಇಲ್ಲ, ನೋಂದಣಿ ಬೇಕೇ ಬೇಕು. ನಮ್ಮಿಂದ ಸೊಲ್ಲಾಪುರ, ಸಾಂಗ್ಲಿ ಹತ್ತಿರವೇ ಆದರೂ ಕಾಯ್ದೆಗೆ ಅದು ಬೇರೆ ರಾಜ್ಯ.

ಈಗ ಒಂದು ಕಿಲೋ ಮಣೂಕದ ದಾರಿ ನೋಡೋಣ. ಬೆಲೆಗಳು ಬರೀ ಲೆಕ್ಕಕ್ಕೆ. ರೈತ ₹200ಕ್ಕೆ ಮಾರಿದ, ತೆರಿಗೆ ಸೊನ್ನೆ. ವ್ಯಾಪಾರಿ ಅದನ್ನು ಪ್ಯಾಕ್ ಮಾಡುವವನಿಗೆ ₹210ಕ್ಕೆ ಕೊಟ್ಟು ಶೇ 5ರಂತೆ ₹10.50 ವಸೂಲಿ ಮಾಡಿದ. ಅವನ ಖರೀದಿಯಲ್ಲಿ ತೆರಿಗೆ ಇರಲಿಲ್ಲವಾದ್ದರಿಂದ ಕಳೆಯಲು ಏನೂ ಇಲ್ಲ. ₹10.50 ಪೂರ್ತಿ ಸರ್ಕಾರಕ್ಕೆ. ಪ್ಯಾಕ್ ಮಾಡುವವನು ಅಂಗಡಿಗೆ ₹260ಕ್ಕೆ ಕೊಟ್ಟು ₹13 ವಸೂಲಿ ಮಾಡಿದ. ತಾನು ಮೊದಲೇ ಕೊಟ್ಟ ₹10.50 ಕಳೆದು ₹2.50 ಕಟ್ಟಿದ. ಅಂಗಡಿಯವನು ₹300ಕ್ಕೆ ಮಾರಿ ₹15 ವಸೂಲಿ ಮಾಡಿದ. ₹13 ಕಳೆದು ₹2 ಕಟ್ಟಿದ. ಒಟ್ಟು ಕೂಡಿಸಿ: 10.50, 2.50, 2. ಸರಿಯಾಗಿ ₹15. ಕೊನೆಯ ಬೆಲೆ ₹300ರ ಶೇ 5. ಪಾಯಸಕ್ಕೆ ಮಣೂಕ ಕೊಂಡ ಗೃಹಿಣಿ ₹315 ಕೊಟ್ಟಳು. ನಡುವಿನವರು ಕಟ್ಟಿದಂತೆ ಕಂಡರೂ ಕೊಟ್ಟವಳು ಅವಳೊಬ್ಬಳೇ. ಹಿಂದಿನವನಿಗೆ ಕೊಟ್ಟದ್ದನ್ನು ಕಳೆದುಕೊಳ್ಳುವ ಈ ಸೌಲಭ್ಯಕ್ಕೆ ಇನ್‌ಪುಟ್ ಕ್ರೆಡಿಟ್ ಎನ್ನುತ್ತಾರೆ.

ಈ ಸರಪಳಿಯಲ್ಲಿ ಕ್ರೆಡಿಟ್ ಸಿಗದ ಇನ್ನೊಬ್ಬನಿದ್ದಾನೆ. ಅವನೇ ರೈತ. ಒಂದು ಟನ್ ಮಣೂಕ ಮಾಡಲು ಅವನು ಶೇ 18ರ ತೆರಿಗೆ ಇರುವ ಔಷಧ, ಹಣ್ಣು ಅದ್ದುವ ಪೊಟ್ಯಾಸಿಯಂ ಕಾರ್ಬೊನೇಟ್ ಮುಂತಾದ ಸಾಮಗ್ರಿಗೆ ತೆರಿಗೆ ಬಿಟ್ಟು ₹40,000 ಖರ್ಚು ಮಾಡಿದ ಎಂದು ಹಿಡಿಯೋಣ. ತೆರಿಗೆ ₹7,200. ಕಿಲೋಗೆ ₹7.20. ಇದನ್ನು ಅವನು ಯಾರಿಂದಲೂ ವಸೂಲಿ ಮಾಡುವಂತಿಲ್ಲ, ಸರ್ಕಾರದಿಂದ ಕಳೆದುಕೊಳ್ಳುವಂತಿಲ್ಲ, ಯಾವ ಬಿಲ್ಲಿನಲ್ಲೂ ತೋರಿಸುವಂತಿಲ್ಲ. ಬೆಲೆ ಹೇಳುವವನು ಅವನಾಗಿದ್ದರೆ ಬೆಲೆಯಲ್ಲಿ ಸೇರಿಸುತ್ತಿದ್ದ. ಆದರೆ ಹರಾಜಿನಲ್ಲಿ ಬೆಲೆ ಹೇಳೋದು ಕೊಳ್ಳುವವನು. ಆದ್ದರಿಂದ ಆ ₹7.20ರಲ್ಲಿ ಬಹುಪಾಲು ರೈತನ ಮೈಮೇಲೇ ಉಳಿಯುತ್ತದೆ.

ಅಂದರೆ ‘ತೆರಿಗೆ ಸೊನ್ನೆ’ ಎಂಬುದು ಮಾರುವ ರೈತನಿಗೆ. ಕೊಳ್ಳುವ ರೈತನಿಗಲ್ಲ.

ಡೀಸೆಲ್ ಇದರ ಮೇಲೆ. ಪೆಟ್ರೋಲ್, ಡೀಸೆಲ್ ಇನ್ನೂ ಜಿಎಸ್‌ಟಿಯ ಹೊರಗಿವೆ. ಅಲ್ಲಿ ಹಳೆಯ ಮಾರಾಟ ತೆರಿಗೆಯೇ ನಡೆಯುತ್ತಿದೆ. ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ 29.84ಕ್ಕೆ, 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನದನ್ನು ಶೇ 21.17ಕ್ಕೆ ಏರಿಸಿತು. ಕೇಂದ್ರದ ಅಬಕಾರಿ ಸುಂಕ ಬೇರೆ. ಬಂಕಿನ ಚೀಟಿಯಲ್ಲಿ ಈ ಸಾಲುಗಳು ಕಾಣುವುದಿಲ್ಲ, ಲೀಟರಿನ ದರದಲ್ಲೇ ಕರಗಿರುತ್ತವೆ. ಔಷಧ ಹೊಡೆಯುವ ಟ್ರ್ಯಾಕ್ಟರಿಗೆ ಅದೂ ಬೇಕು.

ಪರಿಹಾರ ಏನು?

ಮಣೂಕಕ್ಕೂ ರೈತನ ಮಟ್ಟದಲ್ಲೇ ತೆರಿಗೆ ಹಾಕಿ, ಕ್ರೆಡಿಟ್ ಕೊಡಿ ಎಂದು ಕೆಲವರು ಹೇಳಬಹುದು. ಪುಸ್ತಕದಲ್ಲಿ ಸರಿ. ಆದರೆ ಮೂರ್ನಾಲ್ಕು ಎಕರೆಯ ಬೆಳೆಗಾರ ನೋಂದಣಿ ಮಾಡಿಸಿ, ಗಡುವು ಬಂದಾಗಲೆಲ್ಲ ರಿಟರ್ನ್ ಸಲ್ಲಿಸಿ, ತಡವಾದರೆ ದಂಡ ಕಟ್ಟಿ, ಅಕೌಂಟೆಂಟ್‌ಗೆ ಫೀ ಕೊಟ್ಟರೆ ಉಳಿಯೋದೇನು? ಜೈಸಲ್ಮೇರ್ ತೀರ್ಮಾನ ಸರಿಯಾಗಿಯೇ ಇದೆ. ಸರಿಯಾಗಬೇಕಾದದ್ದು ಇನ್ನೊಂದು ತುದಿ. ಗೊಬ್ಬರಕ್ಕೆ ಶೇ 5, ಟ್ರ್ಯಾಕ್ಟರಿಗೆ ಶೇ 5, ಜಿಎಗೆ ಶೇ 5 ಎಂದಮೇಲೆ, ದ್ರಾಕ್ಷಿಯಂಥ ಬೆಳೆ ಬದುಕಿಸಿಕೊಳ್ಳಲು ಬೇಕೇಬೇಕಾದ ಔಷಧಕ್ಕೆ ಶೇ 18 ಏಕೆ? ಕ್ರೆಡಿಟ್ ಪಡೆಯಲಾಗದವನ ಮೇಲೆ ಹೆಚ್ಚಿನ ದರ ಹಾಕುವುದು, ಹೆಸರಿಗೆ ವಿನಾಯಿತಿ ಕೊಟ್ಟು ಕೈಯಿಂದ ಕಿತ್ತುಕೊಂಡಂತೆ. ನಮ್ಮ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು, ಜನಪ್ರತಿನಿಧಿಗಳು ಕೇಳಬೇಕಾದ ಪ್ರಶ್ನೆ ಇದು.

ಅದು ಆಗುವವರೆಗೆ ನಮ್ಮ ಕೈಯಲ್ಲಿರುವುದು ಬಿಲ್ಲು. ₹200ಕ್ಕಿಂತ ಕಡಿಮೆ ಖರೀದಿಗೆ, ಗಿರಾಕಿ ಕೇಳದಿದ್ದರೆ ಅಂಗಡಿಯವನು ಬಿಲ್ ಕೊಡದೆ ಇರಬಹುದು. ಅದಕ್ಕಿಂತ ಹೆಚ್ಚಾದರೆ ನೋಂದಾಯಿತ ಅಂಗಡಿ ಕೊಡಲೇಬೇಕು. ಕೀಟನಾಶಕಕ್ಕಂತೂ 1971ರ ಕೀಟನಾಶಕ ನಿಯಮಗಳ ಪ್ರಕಾರವೂ ಬಿಲ್ ಕಡ್ಡಾಯ. ‘ಪಕ್ಕಾ ಬಿಲ್ ಬೇಕಾದ್ರ ಶೇ 18 ಜಾಸ್ತಿ ಆಗ್ತೈತಿ’ ಎಂಬ ಮಾತು ಎಂಆರ್‌ಪಿ ಇರುವ ಸಾಮಾನಿಗೆ ಶುದ್ಧ ಸುಳ್ಳು. ಕಚ್ಚಾ ಚೀಟಿಯ ನಷ್ಟ ಬರೀ ತೆರಿಗೆಯದಲ್ಲ. ನಾಳೆ ಔಷಧ ನಕಲಿ ಎಂದು ಗೊತ್ತಾಗಿ ಪಡ ಹಾಳಾದರೆ, ಗ್ರಾಹಕ ಆಯೋಗದ ಮುಂದೆ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬ್ಯಾಚ್ ನಂಬರ್ ಬರೆದ ಪಕ್ಕಾ ಬಿಲ್ಲೇ ಅಲ್ಲಿ ಸಾಕ್ಷಿ.

ಕೌಂಟರ್ ಬಿಡುವ ಮೊದಲು ನಾಲ್ಕು ನೋಟ ಸಾಕು. ಬಿಲ್ಲಿನಲ್ಲಿ ಅಂಗಡಿಯ ಹೆಸರು, ಬಿಲ್ ನಂಬರ್, 29ರಿಂದ ಶುರುವಾಗುವ ಜಿಎಸ್‌ಟಿ ನಂಬರ್ ಇದೆಯೇ? ತೆರಿಗೆ ಹಾಕಿದ್ದು ತೆರಿಗೆರಹಿತ ಬೆಲೆಯ ಮೇಲೋ, ಎಂಆರ್‌ಪಿ ಮೇಲೋ? ಎರಡು ಸಾಲು ಕೂಡಿಸಿದರೆ ಸರಿಯಾದ ದರ ಬರುತ್ತದೆಯೇ? ಕೊನೆಯ ಮೊತ್ತ ಎಂಆರ್‌ಪಿ ದಾಟಿದೆಯೇ? ದಾಟಿದ್ದರೆ ಅಲ್ಲೇ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಕಾಕಾ ಅವತ್ತು ಸಂಜೆಯೇ ಚೀಟಿ, ಬಾಟ್ಲಿ ಹಿಡಿದು ಅಂಗಡಿಗೆ ಹೋದರು. ನಾನೂ ಜೊತೆಗಿದ್ದೆ. ಜಗಳ ಆಗಲಿಲ್ಲ. ಬಾಟ್ಲಿ ಮೇಲಿನ ಸಣ್ಣ ಅಕ್ಷರ ತೋರಿಸಿ ಪಕ್ಕಾ ಬಿಲ್ ಕೇಳಿದ್ದಕ್ಕೆ, ‘ಹುಡುಗ ತಪ್ಪು ಬರದಾನ್ರಿ’ ಎಂದು ಅಂಗಡಿಯವನು ₹637 ವಾಪಸ್ ಕೊಟ್ಟು, ₹3,540ಕ್ಕೆ ಕಂಪ್ಯೂಟರ್ ಬಿಲ್ ತೆಗೆದ. ಅದರಲ್ಲಿ ₹3,000, ₹270, ₹270 ಎಂದು ಬೇರೆಬೇರೆಯಾಗಿ ಬಂದಿತ್ತು.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಕಾಕಾ ಖುಷಿಯಲ್ಲಿದ್ದಾರೆ ಅಂದುಕೊಂಡಿದ್ದೆ. ಅವರು ಸುಮ್ಮನಿದ್ದರು. ಟಿಕೋಟಾ ಬಸ್ ಬಂದಾಗ ಅಂದರು, ‘ತಮ್ಮಾ, ಹೋದ ವರ್ಷದ್ದೂ ಎಲ್ಲಾ ಹಿಂತಾವ ಚೀಟಿ ಅದಾವೋ. ಮನ್ಯಾಗ ಒಂದು ಕಟ್ಟು ಐತಿ.’

ಆ ಕಟ್ಟಿನ ಲೆಕ್ಕ ನಾವಿನ್ನೂ ಹಾಕಿಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಕಟ್ಟು ಇದ್ದರೆ, ಈ ವಾರ ಬಿಚ್ಚಿ ನೋಡಿ.